40 ಮೀಟರ್ ಲೀನಿಯರ್: ಫೈನಲ್ ಸುಡದ ಹಾಗೆ ಕಟ್ಟುವ ಕ್ರಮ, ಸುಟ್ಟರೆ ಹುಡುಕುವ ಕ್ರಮ

ಲೀನಿಯರ್ ಅಂದರೆ ಹ್ಯಾಮ್ ರೇಡಿಯೋ ಸೆಟ್ಟಿನ (ರಿಗ್) ಸಣ್ಣ ಪವರನ್ನು ಹಿಗ್ಗಿಸಿ ಆಂಟೆನಾಗೆ ಕೊಡುವ ಆಂಪ್ಲಿಫೈಯರ್. ಅದರ ಕೊನೆಯ ಹಂತದ ಮಾಸ್‌ಫೆಟ್ ಟ್ರಾನ್ಸಿಸ್ಟರ್‌ಗಳೇ ಫೈನಲ್. ಡೊಂಬಿವಲಿಯ ನಮ್ಮ ಮನೆಗೆ ಲೀನಿಯರ್ ಡಬ್ಬಿ ಹಿಡಿದು ಬರುವವರೆಲ್ಲ ಹೆಚ್ಚು ಕಡಿಮೆ ಒಂದೇ ಕಥೆ ಹೇಳುತ್ತಾರೆ. "ಬೋರ್ಡು ಸರಿ ಇದೆ, ಸರ್ಕ್ಯೂಟ್ ಸರಿ ಇದೆ, ಆನ್ ಮಾಡಿದ ತಕ್ಷಣ ಮಾಸ್‌ಫೆಟ್ ಹೋಯ್ತು." ಹೊಸ ಜೋಡಿ ಹಾಕುತ್ತಾರೆ, ಅದೂ ಹೋಗುತ್ತದೆ. ಹೆಚ್ಚಿನವರ ಸರ್ಕ್ಯೂಟ್‌ನಲ್ಲಿ ತಪ್ಪಿರುವುದಿಲ್ಲ. 24 ವೋಲ್ಟ್, ಬಯಾಸ್ (ಗೇಟ್‌ಗೆ ಕೊಡುವ ಡಿಸಿ ವೋಲ್ಟೇಜ್), ಡ್ರೈವ್ (ರಿಗ್‌ನಿಂದ ಬರುವ ಸಿಗ್ನಲ್), ಆಂಟೆನಾ ನಾಲ್ಕನ್ನೂ ಒಂದೇ ಸಂಜೆ ಒಟ್ಟಿಗೆ ಜೋಡಿಸಿ ಪಿಟಿಟಿ (ಟ್ರಾನ್ಸ್‌ಮಿಟ್ ಬಟನ್) ಒತ್ತಿರುತ್ತಾರೆ. ಯಾವುದು ತಪ್ಪಿತು ಅಂತ ಆಮೇಲೆ ಹೇಗೆ ಗೊತ್ತಾಗಬೇಕು?

ಆದ್ದರಿಂದ ಇಲ್ಲಿ ಕ್ರಮವೇ ಮುಖ್ಯ. ಒಂದು ಹಂತ ಪಾಸಾಗದೆ ಮುಂದಿನದಕ್ಕೆ ಹೋಗಬೇಡಿ. ನಾನು ಹೇಳುತ್ತಿರುವುದು 7 ಮೆಗಾಹರ್ಟ್ಸ್‌ಗೆ (ಅದೇ 40 ಮೀಟರ್ ಬ್ಯಾಂಡ್), ಎರಡು ಐಆರ್‌ಎಫ್510 ಮಾಸ್‌ಫೆಟ್ ಪುಶ್-ಪುಲ್‌ನಲ್ಲಿ (ಸರದಿಯಲ್ಲಿ ಕೆಲಸ ಮಾಡುವ ಜೋಡಿ), 24 ವೋಲ್ಟ್‌ನಲ್ಲಿ, ಸುಮಾರು 35ರಿಂದ 40 ವ್ಯಾಟ್ ಕೊಡುವ ಲೀನಿಯರ್ ಬಗ್ಗೆ. ಲೈಸೆನ್ಸ್ ಇಲ್ಲದೆ ಇದನ್ನು ಆಂಟೆನಾಗೆ ಹಚ್ಚುವ ಹಾಗಿಲ್ಲ. ಲೈಸೆನ್ಸ್ ಇದ್ದವರೂ ತಮ್ಮ ದರ್ಜೆಯ ಪವರ್ ಮಿತಿ ಎಷ್ಟು ಅಂತ ಮೊದಲು ನೋಡಿಕೊಳ್ಳಿ.

ಹಂತ 1: ಲೆಕ್ಕ ಮೊದಲು, ಲ್ಯಾಮಿಂಗ್ಟನ್ ರೋಡ್ ಆಮೇಲೆ

ಲ್ಯಾಮಿಂಗ್ಟನ್ ರೋಡ್ ಅಂದರೆ ಮುಂಬೈನ ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಬೀದಿ. ಅಲ್ಲಿಗೆ ಹೋಗುವ ಮೊದಲಿನ ಲೆಕ್ಕ ಒಂದು ಪುಟದ್ದು. ಮಾಸ್‌ಫೆಟ್‌ಗೆ ಮೂರು ಕಾಲು: ಸಿಗ್ನಲ್ ಹೋಗುವ ಗೇಟ್, ಪವರ್ ಬರುವ ಡ್ರೇನ್, ಗ್ರೌಂಡ್‌ಗೆ ಹೋಗುವ ಸೋರ್ಸ್. ಪುಶ್-ಪುಲ್‌ನಲ್ಲಿ ಎರಡು ಡ್ರೇನ್‌ಗಳ ನಡುವೆ ಕಾಣಬೇಕಾದ ಲೋಡ್ ಎಂದರೆ, ವೋಲ್ಟೇಜಿನ ವರ್ಗದ ಎರಡರಷ್ಟನ್ನು ಪವರ್‌ನಿಂದ ಭಾಗಿಸಿದ್ದು. 24 ವೋಲ್ಟ್ ಕೊಟ್ಟರೂ ಮಾಸ್‌ಫೆಟ್ ತನ್ನ ಪಾಲಿಗೆ ಒಂದಿಷ್ಟು ಇಟ್ಟುಕೊಳ್ಳುತ್ತದೆ, ಹಾಗಾಗಿ 21 ಅಂತ ಹಿಡಿಯಿರಿ. 21ರ ವರ್ಗ 441. ಅದರ ಎರಡರಷ್ಟು 882. 40 ವ್ಯಾಟ್‌ನಿಂದ ಭಾಗಿಸಿದರೆ 22 ಓಮ್.

ಆಂಟೆನಾ ಕಡೆ 50 ಓಮ್. 22 ಅನ್ನು 50 ಮಾಡಬೇಕಾದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ ಪ್ರೈಮರಿ 2 ಸುತ್ತು, ಸೆಕೆಂಡರಿ 3 ಸುತ್ತು. ಒಬ್ಬೊಬ್ಬ ಮಾಸ್‌ಫೆಟ್‌ನ ಪೀಕ್ ಕರೆಂಟ್ 4 ಆಂಪಿಯರ್ ಒಳಗೇ ನಿಲ್ಲುತ್ತದೆ. ಐಆರ್‌ಎಫ್510ರ ಮಿತಿ 5.6.

"ಒಂದಕ್ಕೆ ಎರಡು ಸುತ್ತು ಹಾಕಿದರೆ ಪವರ್ ಜಾಸ್ತಿ ಬರುತ್ತೆ ಅಲ್ವಾ?" ಅಂತ ಕೇಳುತ್ತಾರೆ. ಬರುತ್ತದೆ. ಲೋಡ್ 12.5 ಓಮ್ ಆಗುತ್ತದೆ, ಪೀಕ್ ಕರೆಂಟ್ ಆರೂವರೆ ದಾಟುತ್ತದೆ, ಮಾಸ್‌ಫೆಟ್ ನಮಸ್ಕಾರ ಹೇಳುತ್ತದೆ. ಆ 1:2 ಸುತ್ತು 12 ವೋಲ್ಟ್‌ನ ಲೀನಿಯರ್‌ಗೆ ಸರಿ. 12 ವೋಲ್ಟ್ ಸರ್ಕ್ಯೂಟ್‌ನ ಟ್ರಾನ್ಸ್‌ಫಾರ್ಮರ್ ಇಟ್ಟುಕೊಂಡು ವೋಲ್ಟೇಜ್ ಮಾತ್ರ 24ಕ್ಕೆ ಏರಿಸುವುದು ನಾನು ಅತಿ ಹೆಚ್ಚು ನೋಡಿರುವ ತಪ್ಪು.

ಹಂತ 2: ಸಾಮಾನು ತರುವಾಗ

ಗ್ರಾಂಟ್ ರೋಡ್‌ನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೆ ಹೋಗುವ ಮೊದಲು ಪಟ್ಟಿ ಬರೆದುಕೊಳ್ಳಿ. ಅಂಗಡಿಯವರು ಐಆರ್‌ಎಫ್510 ಇಲ್ಲ ಅಂದರೆ 540 ಮುಂದಿಡುತ್ತಾರೆ. "ಸೇಮ್ ಹೈ ಸಾಬ್, ಔರ್ ಪವರ್‌ವಾಲಾ." ಸೇಮ್ ಅಲ್ಲ. 510ರ ಗೇಟ್ ಕೆಪಾಸಿಟೆನ್ಸ್ ಸುಮಾರು 180 ಪಿಎಫ್, 540ರದ್ದು 1700ರ ಆಸುಪಾಸು. 7 ಮೆಗಾಹರ್ಟ್ಸ್‌ನಲ್ಲಿ ಮೊದಲನೆಯದು 126 ಓಮ್‌ನ ಹಾಗೆ ಕಾಣಿಸಿದರೆ ಎರಡನೆಯದು 13 ಓಮ್‌ನ ಹಾಗೆ. ನಿಮ್ಮ ಡ್ರೈವ್ ಎಲ್ಲ ಗೇಟ್‌ನಲ್ಲೇ ಮುಳುಗಿಹೋಗುತ್ತದೆ.

ಇದೇ ಗುಣದಿಂದ ನಕಲಿ ಮಾಲನ್ನೂ ಹಿಡಿಯಬಹುದು. ಅಗ್ಗದ ಕಾಂಪೊನೆಂಟ್ ಟೆಸ್ಟರ್‌ಗೆ ಮಾಸ್‌ಫೆಟ್ ಸಿಕ್ಕಿಸಿ ಗೇಟ್ ಕೆಪಾಸಿಟೆನ್ಸ್ ನೋಡಿ. ಕೆಲವು ನೂರು ಪಿಎಫ್ ತೋರಿಸಿದರೆ ಸರಿ. ಸಾವಿರಗಟ್ಟಲೆ ತೋರಿಸಿದರೆ ಬೇರೆ ಯಾವುದೋ ಮಾಸ್‌ಫೆಟ್ ಮೇಲೆ 510 ಅಂತ ಅಚ್ಚು ಹೊಡೆದಿದ್ದಾರೆ. ನಾಲ್ಕಾದರೂ ತನ್ನಿ, ಒಂದೇ ಅಂಗಡಿಯಿಂದ, ಒಂದೇ ಬ್ಯಾಚ್‌ದು.

ಉಳಿದ ಪಟ್ಟಿ: ಔಟ್‌ಪುಟ್‌ಗೆ ಬಿಎನ್-43-3312 ಬೈನಾಕ್ಯುಲರ್ (ಎರಡು ತೂತಿನ) ಕೋರ್ ಒಂದು, ಇನ್‌ಪುಟ್‌ಗೂ ಡ್ರೇನ್ ಚೋಕ್‌ಗೂ (ಡಿಸಿ ಹೋಗಲು ಬಿಟ್ಟು ಆರ್‌ಎಫ್, ಅಂದರೆ ರೇಡಿಯೋ ಸಿಗ್ನಲ್, ತಡೆಯುವ ಕಾಯಿಲ್) ಎಫ್‌ಟಿ50-43 ರಿಂಗ್ ಎರಡು, ಫಿಲ್ಟರ್‌ಗೆ ಕೆಂಪು ಬಣ್ಣದ ಟಿ50-2 ಮೂರು. ಗುರುತಿಲ್ಲದ ಫೆರೈಟ್ ರಿಂಗ್ ಬೇಡ, ಎಸ್‌ಎಂಪಿಎಸ್‌ನಿಂದ (ಸ್ವಿಚಿಂಗ್ ಪವರ್ ಸಪ್ಲೈ) ಕಿತ್ತ ಹಳದಿ ರಿಂಗಂತೂ ಬೇಡವೇ ಬೇಡ. ಮಲ್ಟಿಟರ್ನ್ ಪ್ರೀಸೆಟ್ (ಹಲವು ಸುತ್ತು ತಿರುಗಿಸಿ ಹೊಂದಿಸುವ ರೆಸಿಸ್ಟರ್) ಎರಡು, 10 ಕಿಲೋ ಓಮ್‌ದು. ಮೈಕಾ ಅಥವಾ ಸಿಲಿಕಾನ್ ಪ್ಯಾಡ್, ಜೊತೆಗೆ ಸ್ಕ್ರೂಗೆ ಹಾಕುವ ಪ್ಲಾಸ್ಟಿಕ್ ಬುಶ್. 24 ವೋಲ್ಟ್ 5 ಆಂಪಿಯರ್ ಎಸ್‌ಎಂಪಿಎಸ್. ಹೀಟ್‌ಸಿಂಕ್ ಹೊಸದು ಕೊಳ್ಳಬೇಡಿ, ಗುಜರಿಯಲ್ಲಿ ಹಳೇ ಯುಪಿಎಸ್‌ದು ಸಿಗುತ್ತದೆ.

ಕೊನೆಯದಾಗಿ, ಲಾರಿ ಬಿಡಿಭಾಗದ ಅಂಗಡಿಯಿಂದ 24 ವೋಲ್ಟ್ 21 ವ್ಯಾಟ್ ಇಂಡಿಕೇಟರ್ ಬಲ್ಬ್ ಒಂದು. ಇದನ್ನು ಮರೆತರೆ ಮನೆಗೆ ಬಂದು ಮತ್ತೆ ಹೋಗಿ. ಯಾಕೆ ಅಂತ 5ನೇ ಹಂತದಲ್ಲಿ ಗೊತ್ತಾಗುತ್ತದೆ.

ಹಂತ 3: ಲೀನಿಯರ್‌ಗಿಂತ ಮುಂಚೆ ಡಮ್ಮಿ ಲೋಡ್

ಡಮ್ಮಿ ಲೋಡ್ ಅಂದರೆ ಪರೀಕ್ಷೆಗೆ ಆಂಟೆನಾ ಬದಲು ಹಚ್ಚುವ ರೆಸಿಸ್ಟರ್. 1 ಕಿಲೋ ಓಮ್, 2 ವ್ಯಾಟ್ ರೆಸಿಸ್ಟರ್ ಇಪ್ಪತ್ತನ್ನು ಪ್ಯಾರಲಲ್ ಹಾಕಿದರೆ 50 ಓಮ್, 40 ವ್ಯಾಟ್. ಕಾರ್ಬನ್ ಅಥವಾ ಮೆಟಲ್ ಫಿಲ್ಮ್ ಇರಲಿ. ಬಿಳಿ ಸಿಮೆಂಟ್ ರೆಸಿಸ್ಟರ್ ಒಳಗೆ ತಂತಿ ಸುತ್ತಿರುತ್ತಾರೆ, ಆರ್‌ಎಫ್‌ಗೆ ಅದು ಕಾಯಿಲ್.

ಪವರ್ ಅಳೆಯಲು ಒಂದು ಡಯೋಡ್, ಒಂದು 10 ನ್ಯಾನೋಫ್ಯಾರಡ್ ಕೆಪಾಸಿಟರ್ ಸಾಕು. ಮೀಟರ್ ತೋರಿಸುವ ಪೀಕ್ ವೋಲ್ಟೇಜಿನ ವರ್ಗವನ್ನು 100ರಿಂದ ಭಾಗಿಸಿದರೆ ವ್ಯಾಟ್. 40 ವ್ಯಾಟ್‌ಗೆ 63 ವೋಲ್ಟ್ ಬರಬೇಕು. ಎಲ್ಲರೂ ಇಲ್ಲಿ 1ಎನ್4148 ಹಾಕುತ್ತಾರೆ. ಆದರೆ ಡಯೋಡ್‌ನ ಮೇಲೆ ಉಲ್ಟಾ ಬೀಳುವ ವೋಲ್ಟೇಜ್ ಪೀಕ್‌ನ ಎರಡರಷ್ಟು, ಅಂದರೆ 126. 4148 ಅದನ್ನು ತಡೆಯುವುದಿಲ್ಲ. ಪವರ್ ಏರಿಸುತ್ತಾ ಹೋದಂತೆ ಮೀಟರ್ ಒಂದು ಕಡೆ ನಿಂತುಬಿಡುತ್ತದೆ, ನೀವು ಲೀನಿಯರ್‌ನ ತಪ್ಪು ಹುಡುಕುತ್ತಾ ಕೂರುತ್ತೀರಿ. ಬಿಎವಿ21 ಹಾಕಿ, ಅದು 200 ವೋಲ್ಟ್‌ದು.

ಹಂತ 4: ಕಾಯಿಲ್ ಸುತ್ತಿ, ಅಳೆದು, ಆಮೇಲೆ ಕೂರಿಸಿ

ಪವರ್ ಬಾರದ ಲೀನಿಯರ್‌ಗಳಲ್ಲಿ ಅರ್ಧಕ್ಕರ್ಧ ಇಲ್ಲೇ ಕೆಟ್ಟಿರುತ್ತವೆ. ಸ್ವಲ್ಪ ನಿಧಾನವಾಗಿ ಓದಿ.

ಡ್ರೇನ್ ಚೋಕ್‌ಗೆ ಎರಡು ಎನಾಮಲ್ ತಂತಿಗಳನ್ನು ಜೊತೆಯಾಗಿ ಹೊಸೆದು ಎಫ್‌ಟಿ50-43 ಮೇಲೆ 10 ಸುತ್ತು. ಈಗ ನಿಮ್ಮ ಕೈಯಲ್ಲಿ ನಾಲ್ಕು ತುದಿ: ಎಡಕ್ಕೆ ಎರಡು, ಬಲಕ್ಕೆ ಎರಡು. 24 ವೋಲ್ಟ್ ಹೋಗುವ ನಡುವಿನ ಜಂಟಿಗೆ ಎಡದಿಂದ ಒಂದು, ಬಲದಿಂದ ಒಂದು ತುದಿ ಬರಬೇಕು. ಅದೂ ಬೇರೆ ಬೇರೆ ತಂತಿಯದ್ದು. ಉಳಿದ ಎರಡು ತುದಿ ಎರಡು ಡ್ರೇನ್‌ಗೆ. ಒಂದೇ ಬದಿಯ ಎರಡು ತುದಿಗಳನ್ನು ಜಂಟಿಗೆ ಹಾಕಿದಿರೋ, ಡಿಸಿ ಕರೆಂಟ್ ಕೋರನ್ನು ತುಂಬಿಸಿಬಿಡುತ್ತದೆ, ಆರ್‌ಎಫ್‌ಗೆ ಆ ಚೋಕ್ ಬರೀ ಶಾರ್ಟ್. ಕರೆಂಟ್ ಭರ್ಜರಿ, ಪವರ್ ಸೊನ್ನೆ.

ಕಣ್ಣಳತೆ ನಂಬಬೇಡಿ. ಮಾಸ್‌ಫೆಟ್ ಕೂರಿಸುವ ಮೊದಲು ಎಲ್‌ಸಿ ಮೀಟರ್ (ಕಾಯಿಲ್, ಕೆಪಾಸಿಟರ್ ಅಳೆಯುವುದು) ಹಿಡಿಯಿರಿ. ಒಂದೊಂದೇ ತಂತಿ 40ರಿಂದ 50 ಮೈಕ್ರೋಹೆನ್ರಿ ತೋರಿಸುತ್ತದೆ. ಜಂಟಿ ಸರಿಯಾಗಿದ್ದರೆ ಡ್ರೇನ್‌ನಿಂದ ಡ್ರೇನ್‌ಗೆ ಅದರ ನಾಲ್ಕರಷ್ಟು. ತಪ್ಪಾಗಿದ್ದರೆ ಹೆಚ್ಚು ಕಡಿಮೆ ಸೊನ್ನೆ. ಇಷ್ಟೇ ಪರೀಕ್ಷೆ, ಒಂದು ನಿಮಿಷದ ಕೆಲಸ.

ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ ಒಂದು ತೂತಿನಿಂದ ಹೋಗಿ ಇನ್ನೊಂದರಿಂದ ವಾಪಸು ಬಂದರೆ ಒಂದು ಸುತ್ತು. ಬರೀ ಹೋದದ್ದನ್ನೇ ಒಂದು ಅಂತ ಎಣಿಸಿ ಎರಡಕ್ಕೆ ಒಂದೇ ಸುತ್ತು ಹಾಕಿದವರು ಇದ್ದಾರೆ. ತಂತಿ ಟೆಫ್ಲಾನ್ ಹೊದಿಕೆಯದ್ದಾಗಿರಲಿ. ಕೋರಿನ ಅಂಚು ಎನಾಮಲ್ ಕೆರೆಯುತ್ತದೆ.

ಲೋಪಾಸ್ ಫಿಲ್ಟರ್ (7ರ ಎರಡರಷ್ಟು, ಮೂರರಷ್ಟು ಫ್ರೀಕ್ವೆನ್ಸಿಯ ಹಾರ್ಮೋನಿಕ್ಸ್ ತಡೆಯುವುದು) ಇಲ್ಲದೆ ಆಂಟೆನಾಗೆ ಹೋಗುವ ಮಾತೇ ಇಲ್ಲ. 14 ಮತ್ತು 21 ಮೆಗಾಹರ್ಟ್ಸ್‌ನಲ್ಲಿ ನಿಮ್ಮ ಧ್ವನಿ ಕೇಳಿಸಬಾರದು. 40 ಮೀಟರ್‌ಗೆ ಎರಡೂ ಕೊನೆಗೆ 270 ಪಿಎಫ್, ಒಳಗಿನ ಎರಡು ಜಾಗಕ್ಕೆ 680 ಪಿಎಫ್. ಕಾಯಿಲ್ ಮೂರು: ಅಕ್ಕಪಕ್ಕದ್ದು ಸುಮಾರು 1.4 ಮೈಕ್ರೋಹೆನ್ರಿ, ಟಿ50-2 ಮೇಲೆ 17 ಸುತ್ತು. ನಡುವಿನದ್ದು 1.7, 19 ಸುತ್ತು. ಮೀಟರ್ ಜಾಸ್ತಿ ತೋರಿಸಿದರೆ ಸುತ್ತುಗಳನ್ನು ಸ್ವಲ್ಪ ಅಗಲಿಸಿ. ಕೆಪಾಸಿಟರ್ ಸಿಲ್ವರ್ ಮೈಕಾ ಅಥವಾ ಎನ್‌ಪಿ0, 500 ವೋಲ್ಟ್‌ದು. ಮಾಮೂಲಿ ಡಿಸ್ಕ್ ಸೆರಾಮಿಕ್ ಬಿಸಿಯಾಗಿ ಮೌಲ್ಯ ಬದಲಿಸುತ್ತದೆ.

ಹಂತ 5: ಜೋಡಣೆ, ಮತ್ತು ಬಲ್ಬ್ ಹಾಕಿ ಮೊದಲ ಕರೆಂಟ್

ಐಆರ್‌ಎಫ್510ರ ಲೋಹದ ಬೆನ್ನು ಡ್ರೇನ್‌ಗೆ ಸೇರಿದ್ದು. ಹೀಟ್‌ಸಿಂಕ್ ಗ್ರೌಂಡ್‌ನಲ್ಲಿರುತ್ತದೆ. ನಡುವೆ ಪ್ಯಾಡ್, ಸ್ಕ್ರೂ ಸುತ್ತ ಬುಶ್.

ಗೋರೆಗಾಂವ್‌ನ ಗೆಳೆಯರೊಬ್ಬರು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದರು. "ಎರಡನೇ ಜೋಡಿಯೂ ಹೋಯ್ತು ಮಾರಾಯ್ರೆ." ಭಾನುವಾರ ಡಬ್ಬಿ ತಂದರು. ಮೀಟರ್‌ನಲ್ಲಿ ಎಲ್ಲ ಸರಿ ಇತ್ತು. ಸ್ಕ್ರೂ ಬಿಚ್ಚಿ ನೋಡಿದರೆ ಬುಶ್‌ನ ಕುತ್ತಿಗೆ ಕೂದಲೆಳೆಯಷ್ಟು ಸೀಳಿತ್ತು. ಬಿಗಿ ಮಾಡುವಾಗ ಜಾಸ್ತಿ ತಿರುಗಿಸಿದ್ದಾರೆ. ತಣ್ಣಗಿದ್ದಾಗ ತಾಗುತ್ತಿರಲಿಲ್ಲ. ಬಿಸಿಯಾದ ಮೇಲೆ ಸ್ಕ್ರೂ ಡ್ರೇನ್‌ಗೆ ತಾಗುತ್ತಿತ್ತು. ಹತ್ತು ಪೈಸೆಯ ಪ್ಲಾಸ್ಟಿಕ್. ಅದಾದ ಮೇಲೆ ನಾನು ಸ್ಕ್ರೂ ಬಿಟ್ಟು ಮೇಲಿಂದ ಒತ್ತುವ ಕ್ಲಿಪ್‌ಗೆ ಬದಲಾದೆ.

ಗೇಟ್ ಕಡೆ: ಇನ್‌ಪುಟ್ ಟ್ರಾನ್ಸ್‌ಫಾರ್ಮರ್‌ನಿಂದ ಪ್ರತಿ ಗೇಟ್‌ಗೆ 100 ನ್ಯಾನೋಫ್ಯಾರಡ್ ಮೂಲಕ ಡ್ರೈವ್. ಪ್ರತಿ ಗೇಟ್‌ನಿಂದ 27 ಓಮ್ ರೆಸಿಸ್ಟರ್ ಬಯಾಸ್ ಬಿಂದುವಿಗೆ, ಆ ಬಿಂದುವಿನಿಂದ 100 ನ್ಯಾನೋಫ್ಯಾರಡ್ ಗ್ರೌಂಡ್‌ಗೆ. ಎರಡು 27 ಸೇರಿ ರಿಗ್‌ಗೆ ಸುಮಾರು 50 ಓಮ್ ಕಾಣಿಸುತ್ತದೆ. ಬಯಾಸ್‌ಗೆ 5 ವೋಲ್ಟ್ ರೆಗ್ಯುಲೇಟರ್, ಒಬ್ಬೊಬ್ಬರಿಗೂ ಬೇರೆ ಪ್ರೀಸೆಟ್. ಪ್ರತಿ ಗೇಟ್‌ನಿಂದ ಗ್ರೌಂಡ್‌ಗೆ 47 ಕಿಲೋ ಓಮ್ ಇರಲೇಬೇಕು. ಪ್ರೀಸೆಟ್‌ನ ನಡುಕಾಲು ಕೈಕೊಟ್ಟರೆ ಗೇಟ್ ಗಾಳಿಯಲ್ಲಿ ನೇತಾಡಬಾರದು. ಸೋರ್ಸ್ ಕಾಲು ಎಷ್ಟು ಗಿಡ್ಡವೋ ಅಷ್ಟು ಒಳ್ಳೆಯದು.

ಈಗ ಪ್ರೀಸೆಟ್ ಎರಡನ್ನೂ ಪೂರ್ತಿ ಕೆಳಕ್ಕೆ ತಿರುಗಿಸಿ, ಗೇಟ್‌ನಲ್ಲಿ 0 ವೋಲ್ಟ್ ಇದೆಯೆಂದು ಮೀಟರ್‌ನಲ್ಲಿ ನೋಡಿ. ಔಟ್‌ಪುಟ್‌ಗೆ ಡಮ್ಮಿ ಲೋಡ್ ಹಾಕಿ. 24 ವೋಲ್ಟ್ ಸಾಲಿನಲ್ಲಿ ಲಾರಿ ಬಲ್ಬ್ ಸೀರೀಸ್‌ಗೆ ಹಾಕಿ. ಆನ್ ಮಾಡಿ.

ಬಲ್ಬ್ ಉರಿಯಬಾರದು. ಉರಿದರೆ ಎಲ್ಲೋ ಶಾರ್ಟ್ ಇದೆ, ಆದರೆ ಕರೆಂಟ್ ಒಂದು ಆಂಪಿಯರ್ ದಾಟುವುದಿಲ್ಲ, ಏನೂ ಸುಡುವುದಿಲ್ಲ. ಎಸ್‌ಎಂಪಿಎಸ್ ನೇರ ಹಚ್ಚಿದ್ದರೆ ಅದೇ ಶಾರ್ಟ್ ಐದು ಆಂಪಿಯರ್ ಎಳೆಯುತ್ತಿತ್ತು.

ಹಂತ 6: ಬಯಾಸ್

ಬಲ್ಬ್ ಹಾಗೇ ಇರಲಿ. ಆಂಪಿಯರ್ ಮೀಟರ್ ಸೀರೀಸ್‌ನಲ್ಲಿ. ಡ್ರೈವ್ ಕೇಬಲ್ ಕಿತ್ತಿಡಿ, ಇನ್‌ಪುಟ್‌ಗೆ 50 ಓಮ್ ರೆಸಿಸ್ಟರ್ ಹಾಕಿ.

ಮೊದಲ ಪ್ರೀಸೆಟ್ ನಿಧಾನವಾಗಿ ತಿರುಗಿಸಿ. ತುಂಬಾ ಹೊತ್ತು ಏನೂ ಆಗುವುದಿಲ್ಲ, ಬೇಸರ ಬರುತ್ತದೆ. ಗೇಟ್ ಮೂರು, ಮೂರೂವರೆ ವೋಲ್ಟ್ ಹತ್ತಿರ ಬಂದಾಗ ಕರೆಂಟ್ ಶುರುವಾಗಿ ಬೇಗ ಏರುತ್ತದೆ. 50 ಮಿಲಿಆಂಪಿಯರ್‌ಗೆ ನಿಲ್ಲಿಸಿ. ಈಗ ಎರಡನೆಯದನ್ನು ತಿರುಗಿಸಿ ಒಟ್ಟು 100ಕ್ಕೆ ತನ್ನಿ. ಎರಡನ್ನೂ ಒಟ್ಟಿಗೆ ತಿರುಗಿಸಿ 100 ಮಾಡಬೇಡಿ, ಒಬ್ಬನೇ 90 ಹೊರುತ್ತಿರಬಹುದು.

ಐದು ನಿಮಿಷ ಬಿಟ್ಟು ನೋಡಿ. ಬಿಸಿಯಾದಂತೆ ಕರೆಂಟ್ ಸ್ವಲ್ಪ ಏರುವುದು ಮಾಸ್‌ಫೆಟ್‌ನ ಸ್ವಭಾವ. 100 ಇದ್ದದ್ದು 130 ಆಗಿ ನಿಂತರೆ ಚಿಂತೆ ಬೇಡ. ನಿಲ್ಲದೆ ಏರುತ್ತಲೇ ಹೋದರೆ ಪ್ಯಾಡ್ ಸರಿಯಾಗಿ ಕೂತಿಲ್ಲ.

ಎಚ್ಚರಿಕೆಯ ಗುರುತು: ಪ್ರೀಸೆಟ್ ತಿರುಗಿಸುವಾಗ ಕರೆಂಟ್ ನಯವಾಗಿ ಏರದೆ ಒಮ್ಮೆಲೇ ಜಿಗಿದರೆ, ಅಥವಾ ಡ್ರೈವ್ ಇಲ್ಲದಿದ್ದರೂ ಡಮ್ಮಿ ಲೋಡ್‌ನ ಮೀಟರ್ ಏನಾದರೂ ತೋರಿಸಿದರೆ, ಅದು ಆಸಿಲೇಟ್ ಆಗುತ್ತಿದೆ, ಅಂದರೆ ತಾನೇ ಸಿಗ್ನಲ್ ಹುಟ್ಟಿಸುತ್ತಿದೆ. ತಕ್ಷಣ ಆಫ್ ಮಾಡಿ. ಗೇಟ್ ಕಾಲಿಗೆ ಫೆರೈಟ್ ಮಣಿ ಅಥವಾ 10 ಓಮ್ ಸೀರೀಸ್ ಹಾಕಿ. ಇನ್‌ಪುಟ್ ತಂತಿಯನ್ನು ಔಟ್‌ಪುಟ್‌ನಿಂದ ದೂರ ಸರಿಸಿ. 24 ವೋಲ್ಟ್ ಜಂಟಿಯಲ್ಲಿ 100 ನ್ಯಾನೋಫ್ಯಾರಡ್ ಚೋಕ್‌ನ ಬುಡದಲ್ಲೇ ಇದೆಯಾ ನೋಡಿ. ಎರಡು ಇಂಚು ದೂರ ಇದ್ದರೆ ಇಲ್ಲದ ಹಾಗೇ.

ಹಂತ 7: ಡ್ರೈವ್

ಈ ಲೀನಿಯರ್‌ಗೆ ಒಂದು ವ್ಯಾಟ್ ಸಾಕು. 5 ವ್ಯಾಟ್ ರಿಗ್ ಇದ್ದರೆ ನಡುವೆ 6 ಡಿಬಿ ಪ್ಯಾಡ್ (ಪವರನ್ನು ಕಾಲು ಭಾಗಕ್ಕೆ ಇಳಿಸುವ ರೆಸಿಸ್ಟರ್ ಜಾಲ) ಹಾಕಿ: ಎರಡೂ ಬದಿ ಗ್ರೌಂಡ್‌ಗೆ 150 ಓಮ್, ನಡುವೆ 37. ಬದಿಯದ್ದಕ್ಕೆ 300 ಓಮ್ 2 ವ್ಯಾಟ್ ಎರಡೆರಡು ಪ್ಯಾರಲಲ್, ನಡುವಿಗೆ 75 ಓಮ್ 2 ವ್ಯಾಟ್ ಎರಡು. ರಿಗ್‌ಗೂ ಒಳ್ಳೆಯದು, ಅದಕ್ಕೆ ಯಾವಾಗಲೂ ಹತ್ತಿರ ಹತ್ತಿರ 50 ಓಮ್ ಕಾಣಿಸುತ್ತಿರುತ್ತದೆ.

ನೂರು ವ್ಯಾಟ್ ರಿಗ್ಗನ್ನು ಮೆನುವಿನಲ್ಲಿ 5ಕ್ಕೆ ಇಳಿಸಿ ಹಚ್ಚುವವರು ಹುಷಾರು. ಕೆಲವು ರಿಗ್‌ಗಳು ಪಿಟಿಟಿ ಒತ್ತಿದ ಮೊದಲ ಕ್ಷಣದಲ್ಲಿ ಪೂರ್ತಿ ಪವರ್ ಉಗುಳಿ ಆಮೇಲೆ ಇಳಿಯುತ್ತವೆ. ಈ 6 ಡಿಬಿ ಪ್ಯಾಡ್ ದಾಟಿಯೂ ಗೇಟ್‌ಗೆ 25 ವೋಲ್ಟ್ ಬೀಳುತ್ತದೆ. ಮಿತಿ 20. ಮಾಸ್‌ಫೆಟ್ ಸದ್ದಿಲ್ಲದೆ ಸಾಯುತ್ತದೆ, ಹೊಗೆಯೂ ಬರುವುದಿಲ್ಲ.

ಬಲ್ಬ್ ಈಗ ತೆಗೆಯಿರಿ, ಆ ಜಾಗಕ್ಕೆ 4 ಆಂಪಿಯರ್ ಫ್ಯೂಸ್. ಫ್ಯಾನ್ ಆನ್. ಡ್ರೈವನ್ನು ಕನಿಷ್ಠಕ್ಕಿಟ್ಟು ಎರಡು ಸೆಕೆಂಡ್ ಕೀ ಮಾಡಿ (ಟ್ರಾನ್ಸ್‌ಮಿಟ್ ಒತ್ತಿ), ಬಿಡಿ, ಬರೆದುಕೊಳ್ಳಿ. ಹೀಗೇ ಮೆಟ್ಟಿಲು ಮೆಟ್ಟಿಲಾಗಿ ಏರಿಸಿ. 10 ವ್ಯಾಟ್‌ನಲ್ಲಿ ಸುಮಾರು 1.3 ಆಂಪಿಯರ್, 40 ವ್ಯಾಟ್‌ನಲ್ಲಿ ಎರಡೂವರೆ ಆಂಪಿಯರ್‌ನ ಆಚೀಚೆ ಬರಬೇಕು. 10 ವ್ಯಾಟ್‌ನಲ್ಲಿ ದಕ್ಷತೆ ಮೂವತ್ತು ಚಿಲ್ಲರೆ ಶೇಕಡ ಅಂತ ಗಾಬರಿಯಾಗಬೇಡಿ, ಕಡಿಮೆ ಪವರ್‌ನಲ್ಲಿ ಹಾಗೇ. 40 ವ್ಯಾಟ್‌ನಲ್ಲೂ ಐವತ್ತು ದಾಟದಿದ್ದರೆ ಮಾತ್ರ ತೊಂದರೆ.

ಡ್ರೈವ್ ಏರಿಸಿದರೂ ಪವರ್ ಏರದ ಜಾಗ ಬರುತ್ತದೆ. ಅದರ ಹತ್ತು ಶೇಕಡ ಕೆಳಗೆ ನಿಲ್ಲಿಸಿ. ಅಲ್ಲಿಂದ ಮುಂದೆ ಒತ್ತಿದರೆ ಅಕ್ಕಪಕ್ಕದ ಫ್ರೀಕ್ವೆನ್ಸಿಯವರ ಕಿವಿಗೆ ಬೀಳುವುದು ನಿಮ್ಮ ಕರಕರ ಮಾತ್ರ. ಎಫ್‌ಟಿ8 (ಕಂಪ್ಯೂಟರ್ ಹಚ್ಚಿ ಮಾಡುವ ಡಿಜಿಟಲ್ ಸಂಪರ್ಕ) ಮಾಡುವವರು ಅರ್ಧ ಪವರ್‌ಗೆ ಇಳಿಸಿ. ಅದು ಹದಿಮೂರು ಸೆಕೆಂಡ್ ಬಿಡದೆ ಉರಿಯುವ ಕೆಲಸ, ಮೇ ತಿಂಗಳ ಮುಂಬೈ ಕೋಣೆಯಲ್ಲಿ ಹೀಟ್‌ಸಿಂಕ್‌ಗೆ ಉಸಿರಾಡಲು ಗಾಳಿಯೇ ಇರುವುದಿಲ್ಲ.

ಹಂತ 8: ಕೆಟ್ಟರೆ ಹುಡುಕುವ ಕ್ರಮ

ಮಾಸ್‌ಫೆಟ್ ಕಿತ್ತು ನೋಡುವುದು ಕೊನೆಗೆ. ಮೊದಲು ಬಲ್ಬ್ ವಾಪಸು ಹಾಕಿ.

ಬಲ್ಬ್ ಉರಿಯುತ್ತಿದೆ, ಬಯಾಸ್ ಸೊನ್ನೆ: ಚೋಕ್‌ನಿಂದ ಒಂದೊಂದೇ ಡ್ರೇನ್ ಬಿಡಿಸಿ. ಯಾವುದನ್ನು ಬಿಡಿಸಿದಾಗ ಆರಿತೋ ಅವನೇ ಸತ್ತವನು, ಅಥವಾ ಅವನ ಬುಶ್. ಒಬ್ಬ ಹೋದರೆ ಇಬ್ಬರನ್ನೂ ಬದಲಿಸಿ. ಹಾಗೇ ಆ ಬದಿಯ 27 ಓಮ್, ಪ್ರೀಸೆಟ್, ರೆಗ್ಯುಲೇಟರ್ ಅಳೆಯಿರಿ. ಡ್ರೇನ್ ಒಡೆದು ಗೇಟ್‌ಗೆ ಸೇರಿದಾಗ 24 ವೋಲ್ಟ್ ಹಿಂದಕ್ಕೆ ನುಗ್ಗಿ ಅವನ್ನೂ ತಿಂದಿರುತ್ತದೆ. ಎರಡನೇ ಜೋಡಿ ಸಾಯುವುದಕ್ಕೆ ಇದೇ ದೊಡ್ಡ ಕಾರಣ.

ಕರೆಂಟ್ ಸರಿ, ಪವರ್ ಕಡಿಮೆ: ಫಿಲ್ಟರ್ ತಪ್ಪಿಸಿ ನೇರ ಡಮ್ಮಿ ಲೋಡ್‌ನಲ್ಲಿ ಅಳೆಯಿರಿ. ಅಲ್ಲಿ ಜಾಸ್ತಿ ಬಂದರೆ ಫಿಲ್ಟರ್ ತಿನ್ನುತ್ತಿದೆ. (ಫಿಲ್ಟರ್ ಇಲ್ಲದಾಗ ಮೀಟರ್ ಹಾರ್ಮೋನಿಕ್ಸನ್ನೂ ಸೇರಿಸಿ ತೋರಿಸುತ್ತದೆ, ಒಂದೆರಡು ವ್ಯಾಟ್ ವ್ಯತ್ಯಾಸ ಬಿಟ್ಟುಬಿಡಿ.) ಹತ್ತು ಸೆಕೆಂಡ್ ಕೀ ಮಾಡಿ, ಆಫ್ ಮಾಡಿ, ಆಮೇಲೆ ಬೆರಳಿನಿಂದ ಮುಟ್ಟಿ ನೋಡಿ. ಬಿಸಿಯಾದ ಕೆಪಾಸಿಟರ್ ಬದಲಿಸಿ. ಆನ್ ಇದ್ದಾಗ ಮುಟ್ಟಬೇಡಿ, ಆರ್‌ಎಫ್ ಸುಟ್ಟರೆ ಚರ್ಮದ ಮೇಲೆ ಚುಕ್ಕೆ ಚಿಕ್ಕದು, ಒಳಗಿನ ನೋವು ವಾರ ಇರುತ್ತದೆ.

ಕರೆಂಟ್ ಜಾಸ್ತಿ, ಪವರ್ ಇಲ್ಲವೇ ಇಲ್ಲ: 4ನೇ ಹಂತದ ಚೋಕ್ ಜಂಟಿ. ಬೇರೆ ಕಡೆ ಹುಡುಕಿ ಸಮಯ ಹಾಳು ಮಾಡಬೇಡಿ.

ಕರೆಂಟ್ ಏರುವುದೇ ಇಲ್ಲ: ಡ್ರೈವ್ ತಲುಪುತ್ತಿಲ್ಲ, ಅಥವಾ ಒಂದೇ ಬದಿ ಕೆಲಸ ಮಾಡುತ್ತಿದೆ. ಎರಡು ಗೇಟ್‌ಗಳ ಡಿಸಿ ವೋಲ್ಟೇಜ್ ಹೋಲಿಸಿ. ಒಂದು ಮೂರೂವರೆ, ಇನ್ನೊಂದು ಸೊನ್ನೆ ಇದ್ದರೆ ಪ್ರೀಸೆಟ್.

ಡಮ್ಮಿ ಲೋಡ್‌ನಲ್ಲಿ ಚೆನ್ನ, ಆಂಟೆನಾದಲ್ಲಿ ಕರಕರ: ಲೀನಿಯರ್ ಬಿಚ್ಚಬೇಡಿ. ಕೋಆಕ್ಸ್‌ನ (ಆಂಟೆನಾ ಕೇಬಲ್) ಹೊರಮೈ ಹಿಡಿದು ಆರ್‌ಎಫ್ ವಾಪಸು ಬಂದು ಮೈಕ್‌ಗೆ ನುಗ್ಗುತ್ತಿದೆ. ಸೊಸೈಟಿ ಕಟ್ಟಡದ ಗ್ರಿಲ್‌ನಿಂದ ಎಂಡ್-ಫೆಡ್ (ಒಂದು ತುದಿಯಿಂದ ಸಿಗ್ನಲ್ ಕೊಡುವ) ತಂತಿ ಎಳೆದವರಿಗೆಲ್ಲ ಇದು ಇದ್ದದ್ದೇ. ಆಂಟೆನಾ ಬುಡದಲ್ಲಿ 43 ಫೆರೈಟ್ ರಿಂಗ್ ಮೂಲಕ ಕೋಆಕ್ಸ್ ಹತ್ತು ಸುತ್ತು ಹಾಕಿ.

ಹಂತ 9: ಆಂಟೆನಾಗೆ

ಮೊದಲು ರಿಗ್ ಒಂದರಲ್ಲೇ ಎಸ್‌ಡಬ್ಲ್ಯುಆರ್ (ಆಂಟೆನಾದಿಂದ ಎಷ್ಟು ಪವರ್ ವಾಪಸು ಬರುತ್ತಿದೆ ಅಂತ ಹೇಳುವ ಅಳತೆ, 1 ಇದ್ದರೆ ಏನೂ ವಾಪಸಿಲ್ಲ) ನೋಡಿ. 1.5 ಒಳಗಿದ್ದರೆ ಲೀನಿಯರ್ ಹಚ್ಚಿ, 2 ದಾಟಿದ್ದರೆ ಬೇಡ. ಆಂಟೆನಾವನ್ನು ರಿಸೀವ್‌ನಿಂದ ಟ್ರಾನ್ಸ್‌ಮಿಟ್‌ಗೆ ಬದಲಿಸುವ ರಿಲೇ ಪೂರ್ತಿ ಬದಲಾದ ಮೇಲೆ ಆರ್‌ಎಫ್ ಬರಬೇಕು. ಅದು ಉಲ್ಟಾ ಆದರೆ ಕ್ಷಣಕಾಲ ಲೋಡ್ ಇಲ್ಲದೆ ಡ್ರೈವ್ ಬೀಳುತ್ತದೆ. ರಿಲೇ ಕಾಯಿಲ್‌ಗೆ 1ಎನ್4007 ಉಲ್ಟಾ ಹಾಕಲು ಮರೆಯಬೇಡಿ. ಬಯಾಸ್ ಕೂಡ ಪಿಟಿಟಿ ಒತ್ತಿದಾಗ ಮಾತ್ರ ಬರಲಿ.

ಜೂನ್ ಬಂದರೆ ಇನ್ನೊಂದು ಕೆಲಸ. ಬಾಲ್ಕನಿಯ ಪಿಎಲ್-259 ಕನೆಕ್ಟರ್ ಒಳಗೆ ಉಪ್ಪುಗಾಳಿ, ನೀರು ಎರಡೂ ಸೇರುತ್ತವೆ. ಒಣಗಿದ್ದಾಗ 1.3 ತೋರಿಸಿದ ಎಸ್‌ಡಬ್ಲ್ಯುಆರ್ ಮಳೆ ಹಿಡಿದ ಮೂರನೇ ದಿನ 3 ಆಗಿರುತ್ತದೆ, ನೀವು ನೋಡದೆ ಪಿಟಿಟಿ ಒತ್ತುತ್ತೀರಿ. ಮಳೆಗೆ ಮುಂಚೆ ಕನೆಕ್ಟರ್ ಬಿಚ್ಚಿ, ಒಣಗಿಸಿ, ಸೆಲ್ಫ್ ಅಮಾಲ್ಗಮೇಟಿಂಗ್ ಟೇಪ್ ಸುತ್ತಿ, ಅದರ ಮೇಲೆ ಮಾಮೂಲಿ ಇನ್ಸುಲೇಶನ್ ಟೇಪ್. ಕೋಆಕ್ಸ್ ಮನೆಯೊಳಗೆ ಬರುವ ಜಾಗದಲ್ಲಿ ಕೆಳಕ್ಕೊಂದು ಜೋಲು ಬಿಡಿ, ನೀರು ಅಲ್ಲೇ ತೊಟ್ಟಿಕ್ಕಲಿ, ಲೀನಿಯರ್ ಡಬ್ಬಿಯ ಮೇಲಲ್ಲ.